ಮಗ್ಗದ ಮನಿಯ ಭಾರತ

ಗದಗ-ಬೆಟಗೇರಿಯ ಓಣಿಗಳಲ್ಲಿ ಆಗ ಕೋಳಿಗಿಂತ ಮೊದಲು ಮಗ್ಗ ಕೂಗುತ್ತಿತ್ತು. ಒಂದು ಮನೆಯ ಲಾಳಿ ಹರಿದಾಡಿದ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಎದುರು ಮನೆಯವರು ಕೌದಿ ಸರಿಸಿ ಏಳುತ್ತಿದ್ದರು, ಅವರದು ಶುರುವಾದರೆ ಹಿತ್ತಲ ಮನೆಯವರದು, ಹೀಗೆ ಬೆಳಕು ಹರಿಯುವಷ್ಟರಲ್ಲಿ ಓಣಿ ತುಂಬ ಅದೇ ಸದ್ದು. ನಮ್ಮ ಪಡಸಾಲಿಯ ಕುಣಿಮಗ್ಗದಲ್ಲಿ ಅಜ್ಜ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. ಅಡಗಿಮನಿಯಲ್ಲಿ ಆಯಿ ಒಲೆಗೆ ಹತ್ತಿಕಟಗಿ ಒಟ್ಟಿ ಊದುಗೊಳವಿ ಹಿಡಿದಿರುತ್ತಿದ್ದಳು. ಹಿತ್ತಲದಲ್ಲಿ ಅವ್ವ, ಚಿಗವ್ವ ಹುಣಸಿಹಣ್ಣು ಬೂದಿ ಹಚ್ಚಿ ತಾಮ್ರದ ಹಂಡೆ ಬೆಳಗುತ್ತಿದ್ದರು. ನಾವು ಹುಡುಗರು, ಅಂದರೆ ಅಪ್ಪನ ಮಕ್ಕಳು, ಕಾಕಾನ ಮಕ್ಕಳು, ಸೂಟಿಗೆಂದು ಬಂದು ಇಲ್ಲೇ ಉಳಿದ ಅತ್ತಿಯ ಮಕ್ಕಳು, ಎಲ್ಲರೂ ಒಂದೇ ಜಮಖಾನದ ಮೇಲೆ ಅಡ್ಡಾದಿಡ್ಡಿ ಬಿದ್ದುಕೊಂಡು ಆ ಸದ್ದಿನಲ್ಲೇ ಇನ್ನೊಂದು ನಿದ್ದೆ ತೆಗೆಯುತ್ತಿದ್ದೆವು. ಎಬ್ಬಿಸುತ್ತಿದ್ದದ್ದು ಸದ್ದಲ್ಲ, ವಾಸನೆ: ಹಾಸಿನ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ, ಅದರ ಹಿಂದಿನಿಂದಲೇ ಹಂಚಿನ ಮೇಲೆ ಉಬ್ಬಿದ ಬಿಳಿಜ್ವಾಳದ ರೊಟ್ಟಿಯ ವಾಸನೆ.

ಎದ್ದು ಮುಖ ತೊಳೆದರೆ ಕೆಲಸ ಕಾದಿರುತ್ತಿತ್ತು. ಸಾಲಿಗೆ ಹೋಗುವ ಮೊದಲು ರಾಟಿಯ ಮುಂದೆ ಕೂತು ಕಂಡಿಕಿ ಸುತ್ತಬೇಕು, ಹೆಣ್ಣುಮಕ್ಕಳು ನಳದ ಮುಂದೆ ಕೊಡ ಸಾಲಿಗೆ ಇಟ್ಟು ಬರಬೇಕು. ಗದಗಿಗೆ ನೀರಿನ ಬರ ಹೊಸದಲ್ಲ, ನಳ ಬರುವ ದಿನ ಮನೆಮಂದಿಯೆಲ್ಲ ಅದರ ಹಿಂದೆಯೇ. ಸಂಜೆಗೆ ಶೇಂಗಾ ಒಡೆಯುವುದು, ಕಂದೀಲಿನ ಗಾಜು ಒರೆಸುವುದು. ಜಗತ್ತು ದೊಡ್ಡದೆಂದು ಹೇಳುವ ಗುಡಿ, ಪುಸ್ತಕ, ಸಂಗೀತ, ಸಿನಿಮಾ ಎಲ್ಲವೂ ನಮಗೆ ಸಿಕ್ಕದ್ದು ಈ ಕೆಲಸಗಳ ನಡುವೆಯೇ, ದುಡಿಯುವವರ ಕೈಯಿಂದಲೇ. ಕೂಡಿಸಿಕೊಂಡು ಯಾರೂ ಪಾಠ ಹೇಳಲಿಲ್ಲ.

ಅಜ್ಜ ಕಲಿತದ್ದು ಮೂರನೆಯ ಇಯತ್ತೆ. ಆದರೆ ಗದುಗಿನ ನಾರಣಪ್ಪನ ಭಾರತದಲ್ಲಿ ಪದ್ಯಕ್ಕೆ ಪದ್ಯ ಅವನ ಬಾಯಲ್ಲಿದ್ದವು. ಅವು ಬಾಯಿಗೆ ಬಂದದ್ದು ಮಗ್ಗದ ಕುಣಿಯಲ್ಲಿ. ಭಾಮಿನಿ ಷಟ್ಪದಿಯ ನಡಿಗೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಅಜ್ಜ ಅದನ್ನು ಕಾಲಿನಿಂದ ಅಳೆಯುತ್ತಿದ್ದ. ಮೂರನೆಯ ಸಾಲು, ಆರನೆಯ ಸಾಲು ಉಳಿದವಕ್ಕಿಂತ ಉದ್ದ. ಅಲ್ಲಿಗೆ ಬಂದಾಗ ದನಿ ಎಳೆದು ಕೊನೆಯ ಗುರುವಿನ ಮೇಲೆ ನಿಲ್ಲುತ್ತಿತ್ತು, ಅವನ ಎಡಗೈಯೂ ಹಲಗೆಯ ಮೇಲೆ ನಿಲ್ಲುತ್ತಿತ್ತು, ಲಾಳಿ ಒಂದು ಕ್ಷಣ ದಡಿಯ ಹತ್ತಿರ ತಡೆಯುತ್ತಿತ್ತು. ಮತ್ತೆ ಕಾಲು ಒತ್ತಿದರೆ ಮುಂದಿನ ಪದ್ಯ. ಹಿಂಗೆ ದಿನಕ್ಕೆ ಎಷ್ಟು ಮೊಳ ಸೀರೆ ಇಳಿಯುತ್ತಿತ್ತೋ ಅಷ್ಟು ಮೊಳ ಭಾರತವೂ ನಮ್ಮ ಪಡಸಾಲಿಯಲ್ಲಿ ಇಳಿಯುತ್ತಿತ್ತು. ರಾಟಿ ತಿರುವುತ್ತ ಕೂತ ನಮಗೆ ಅರ್ಥವಾದದ್ದು ಕಡಿಮೆ, ಆದರೆ ಛಂದಸ್ಸು ಅನ್ನುವ ಹೆಸರು ಕೇಳುವ ಮೊದಲೇ ಮಾತ್ರೆ ತಪ್ಪಿದ್ದು ಕಿವಿಗೆ ಗೊತ್ತಾಗುತ್ತಿತ್ತು. ಮುಂದೆ ಹೈಸ್ಕೂಲಿನಲ್ಲಿ ಮಾಸ್ತರರು ಹಲಗೆಯ ಮೇಲೆ ಪ್ರಸ್ತಾರ ಹಾಕಿ ತೋರಿಸಿದಾಗ ನಮ್ಮ ಮನೆಯ ಹುಡುಗರು ಬೆಂಚಿನ ಕೆಳಗೆ ಕಾಲು ಅಲುಗಿಸಿಯೇ ಗಣ ಬಿಡಿಸಿದರು.

ಆ ಪುಸ್ತಕ ಗೂಡಿನಲ್ಲಿ, ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಇರುತ್ತಿತ್ತು. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿ ಮೈಸೂರು ಸರ್ಕಾರ 1958ರಲ್ಲಿ ಹೊರತಂದ ದಪ್ಪ ಪ್ರತಿ. ಬಡವರ ಮನೆಗೂ ಭಾರತ ಮುಟ್ಟಲೆಂದು ತಂದದ್ದು, ನಮ್ಮಂಥ ಮನೆಗೆ ಮುಟ್ಟಿಯೇ ಮುಟ್ಟಿತು. ಅದು ವಸ್ತ್ರದಿಂದ ಹೊರಬರುತ್ತಿದ್ದದ್ದು ಮಳೆ ಹೋದಾಗ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಎಪ್ಪತ್ತರ ದಶಕದ ಮೊದಲಿನ ಆ ಕೆಟ್ಟ ಬರಗಾಲದಲ್ಲಿ, ಕಪ್ಪತಗುಡ್ಡದ ಕಡೆಯಿಂದ ಬರೇ ಬಿಸಿಗಾಳಿ ಧೂಳು ಹೊತ್ತು ಬೀಸುತ್ತಿದ್ದ ಸಂಜೆಗಳಲ್ಲಿ, ಸೆಗಣಿಯಿಂದ ಸಾರಿಸಿದ ಪಡಸಾಲಿಯಲ್ಲಿ ಕಂದೀಲು ಇಟ್ಟು, ವ್ಯಾಸಪೀಠದ ಮೇಲೆ ಪುಸ್ತಕ ಬಿಚ್ಚಿ, ಅಜ್ಜ ಓದಲು ಕೂಡುತ್ತಿದ್ದ. ಓಣಿಯ ನೇಕಾರರೆಲ್ಲ ಕೈಕಾಲು ತೊಳೆದು ಬರುತ್ತಿದ್ದರು, ಹೆಣ್ಣುಮಕ್ಕಳು ಸೆರಗು ಹೊದ್ದು ತಲಬಾಗಿಲ ಆಚೆ ಕೂಡುತ್ತಿದ್ದರು, ಯಾರಾದರೊಬ್ಬರು ಚುರುಮುರಿ ಪುಠಾಣಿ ಬೆಲ್ಲ ಕಟ್ಟಿಕೊಂಡು ತರುತ್ತಿದ್ದರು. ಭೀಮ ಅಡಗಿಮನಿ ಹೊಕ್ಕದ್ದನ್ನು ಓದುವಾಗ ಆಯಿ ನಗುತ್ತಿದ್ದಳು. ಹೆಂಗಸರ ಮುಂದೆ ಉತ್ತರಕುಮಾರ ಕೊಚ್ಚಿಕೊಳ್ಳುವ ಭಾಗ ಬಂದರೆ ಇಡೀ ಪಡಸಾಲಿ ನಗುತ್ತಿತ್ತು. ಕೀಚಕ ಸತ್ತ ರಾತ್ರಿ ಮಾತ್ರ ಯಾರೂ ಮಾತಾಡದೆ ಎದ್ದು ಹೋಗುತ್ತಿದ್ದರು. ದ್ರೌಪದಿ ಪಟ್ಟ ಪಾಡಿಗೆ ಚಿಗವ್ವ ಕಣ್ಣೊರೆಸಿಕೊಂಡದ್ದನ್ನು ನಾವು ಕಂಡಿದ್ದೇವೆ.

ಈ ಕವಿ ನಮಗೆ ದೂರದವನಾಗಿರಲಿಲ್ಲ. ಸೋಮವಾರ ಸಂತೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಹೊರಳಿದರೆ ವೀರನಾರಾಯಣನ ಗುಡಿ. ಗುಡಿಯ ಹೊಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಮೈಮೇಲಿನ ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ ನಾರಣಪ್ಪ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಅಜ್ಜನಿಗೆ ಈ ಕತೆಯಲ್ಲಿ ಹಿಡಿಸಿದ್ದು ಪವಾಡವಲ್ಲ, ನೇಮ. "ಬಟ್ಟಿ ಆರೂತನಾ ಅಷ್ಟ. ಆಮ್ಯಾಲೆ ಎದ್ದ ಬಿಡಾವ. ನಾಳೆ ಮತ್ತ. ಹಂಗ ಮಾಡಿದ್ದಕ್ಕ ಹತ್ತ ಪರ್ವ ಆದವು ನೋಡ" ಎನ್ನುತ್ತಿದ್ದ. ಬಟ್ಟೆಯ ಕಸುಬಿನವನಿಗೆ ಗದಗಿನ ಬಿಸಿಲಲ್ಲಿ ಒದ್ದೆ ಪಂಜೆ ಆರಲು ಎಷ್ಟು ಹೊತ್ತು ಬೇಕೆಂಬುದು ಗೊತ್ತಿತ್ತು. ಆ ಹೊತ್ತಿನಲ್ಲಿ ಎಷ್ಟು ಪದ್ಯ ಕಟ್ಟಬಹುದೆಂದು ಅವನು ಲೆಕ್ಕ ಹಾಕಿ ಆಶ್ಚರ್ಯಪಡುತ್ತಿದ್ದ.

ತ್ರಿಕೂಟೇಶ್ವರಕ್ಕೂ ಅವನೇ ಕರೆದೊಯ್ಯುತ್ತಿದ್ದ. ಒಂದೇ ಪೀಠದ ಮೇಲೆ ಮೂರು ಲಿಂಗ ಇರುವ ಆ ಗುಡಿಯ ಆವರಣದಲ್ಲೇ ಸರಸ್ವತಿಯ ಗುಡಿ, ಕಲ್ಯಾಣದ ಚಾಲುಕ್ಯರ ಕಾಲದ್ದು. ದೇವಿಯ ಮೂರ್ತಿಗೆ ಪೆಟ್ಟು ಬಿದ್ದಿದೆ. "ಮೂರ್ತಿ ಭಿನ್ನ ಆಗೈತಿ, ಕಂಬಕ್ಕ ಕೈ ಮುಗೀರಿ" ಎಂದು ಅಜ್ಜ ನಮ್ಮನ್ನು ಒಂದೊಂದು ಕಂಬದ ಮುಂದೆ ನಿಲ್ಲಿಸುತ್ತಿದ್ದ. ಮೈಯೆಲ್ಲ ಕೆತ್ತಿದ ಆ ಕಂಬಗಳ ಮುಂದೆ ಕೈಮುಗಿದು ನಿಂತದ್ದು ಇಂದಿಗೂ ಸರಿಯಾದ ಪೂಜೆಯೆಂದೇ ನನಗನಿಸುತ್ತದೆ.

ಕಲ್ಲು ನೋಡುವುದನ್ನು ನಿಜವಾಗಿ ಕಲಿಸಿದವಳು ಅವ್ವ. ಅವಳ ತವರು ಲಕ್ಕುಂಡಿ, ಗದಗಿನಿಂದ ಹನ್ನೆರಡು ಕಿಲೋಮೀಟರಿನ ದಾರಿ. ಸೂಟಿ ಬಂತೆಂದರೆ ಸೋದರಮಾವ ಚಕ್ಕಡಿ ಹೂಡಿಕೊಂಡು ಬರುತ್ತಿದ್ದ. ಚಕ್ಕಡಿಯಲ್ಲಿ ಹುಲ್ಲು ಹಾಸಿ ಮೇಲೆ ಕೌದಿ, ಬುತ್ತಿಯಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಬಳ್ಳೊಳ್ಳಿ ಖಾರ, ಗಟ್ಟಿ ಮೊಸರು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದ ಊರು ಅದು. ಮನೆಗಳ ಗೋಡೆಗೆ ಗುಡಿ ಹತ್ತಿ, ಗುಡಿಯ ಗೋಡೆಗೆ ಮನೆ ಹತ್ತಿ, ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ನಾವು ಮಾಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಮಧ್ಯಾಹ್ನವೆಲ್ಲ ಹತ್ತಿ ಇಳಿದು ಆಡುತ್ತಿದ್ದೆವು. ಹೊರಗೆ ಬೆಂಕಿಯಂಥ ಬಿಸಿಲಿದ್ದಾಗ ಅಲ್ಲಿಯ ಕಲ್ಲಿಗೆ ಕೆನ್ನೆ ಹಚ್ಚಿದರೆ ತಣ್ಣಗೆ.

ಅವ್ವ ಕೈಯಲ್ಲಿ ಸೂಜಿದಾರದ ಚೀಲ ಹಿಡಿದು ಕಾಶಿವಿಶ್ವೇಶ್ವರಕ್ಕೆ ಬರುತ್ತಿದ್ದಳು. ಒಂದೇ ಜಗತಿಯ ಮೇಲೆ ಎದುರುಬದುರು ಎರಡು ಗುಡಿ, ಒಂದು ಶಿವನದು, ಇನ್ನೊಂದು ಸೂರ್ಯನದು. ಅವಳು ಕೂಡುತ್ತಿದ್ದದ್ದು ಬಾಗಿಲವಾಡದ ಮುಂದೆ. ಆ ಬಾಗಿಲವಾಡದಲ್ಲಿ ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು ಪಟ್ಟಿ. ಒಂದರಲ್ಲಿ ಬಳ್ಳಿ ಸುರುಳಿ ಸುತ್ತಿದೆ, ಇನ್ನೊಂದರಲ್ಲಿ ಬೆರಳುಗಾತ್ರದ ಮಂದಿ ಕುಣಿಯುತ್ತಾರೆ, ಬಾರಿಸುತ್ತಾರೆ, ಮತ್ತೊಂದರಲ್ಲಿ ಬರೇ ಎಲೆ. ಬಳಪದ ಕಲ್ಲು ಹಸಿ ಇದ್ದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಡಸು. ಅದಕ್ಕೇ ಅಷ್ಟು ಸಣ್ಣ ಉಳಿ ಆಡಿದೆ. ಕಂಬಗಳನ್ನಂತೂ ಕಲ್ಲಿಗೇ ತಿರುಗಣಿ ಹಾಕಿ ನಯಮಾಡಿದ್ದಾರೆ. ಅವ್ವ ಬಾಗಿಲವಾಡದ ಒಂದು ಬಳ್ಳಿಯನ್ನು ದಿಟ್ಟಿಸಿ, ತುಟಿಯಲ್ಲೇ ಎಣಿಸುತ್ತ, ಎದುರಿಗೆ ಒಂದು ಗೆರೆಯನ್ನೂ ಹಾಕಿಕೊಳ್ಳದೆ, ಕರಿ ಚಂದ್ರಕಾಳಿಯ ಸೆರಗಿನ ಎಳೆ ಎಣಿಸಿ ಸೂಜಿ ಚುಚ್ಚುತ್ತಿದ್ದಳು. ಗವಂತಿ ಹೊಲಿಗೆ: ಒಂದು ಎಳೆ ಬಿಟ್ಟು ಒಂದು ಎಳೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂದು ಬಿಟ್ಟ ಜಾಗ ತುಂಬುವುದು. ಎಲ್ಲಿಯೂ ಗಂಟಿಲ್ಲ, ಸೆರಗು ತಿರುವಿ ಹಾಕಿದರೆ ಹಿಂದೂ ಮುಂದೂ ಒಂದೇ. ಗೋಪುರಕ್ಕೆ ಮುರಗಿ ಹೊಲಿಗೆ, ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಒಮ್ಮೆ ನನ್ನ ತಂಗಿ ಕೇಳಿದಳು, "ಅವ್ವಾ, ಗುಡಿ ನೋಡಾಕ ಬಂದೀಯೋ, ಕಸೂತಿ ಹಾಕಾಕ ಬಂದೀಯೋ?" ಅವ್ವ ಕಣ್ಣೆತ್ತದೆ ಹೇಳಿದಳು, "ಹಾಕಿದರನ ನೋಡಿದಂಗ ಆಗೋದು ತಂಗಿ."

ಆ ಸೆರಗು ನಮ್ಮಕ್ಕನ ಮದುವೆಗೆ ಹೋಯಿತು. ಹತ್ತು ಶತಮಾನದ ಆಸುಪಾಸಿನ ಒಂದು ಬಳ್ಳಿ ಕಲ್ಲಿನಿಂದ ಇಳಿದು ಬಟ್ಟೆಗೆ ಬಂದು, ಅಕ್ಕನ ಭುಜದ ಮೇಲೆ ಊರು ಬಿಟ್ಟು ಹೋಯಿತು. ಮುಂದೆ ಪುಸ್ತಕಗಳಲ್ಲಿ ಚಾಲುಕ್ಯ ಶಿಲ್ಪದ ಬಗ್ಗೆ ನಾನು ಓದಿದ್ದು ಬಹಳ, ಆದರೆ ಅವ್ವ ಎಳೆ ಎಣಿಸಿದಷ್ಟು ಸಮೀಪದಿಂದ ಆ ಬಾಗಿಲವಾಡವನ್ನು ಯಾರೂ ನೋಡಿದ್ದನ್ನು ಕಾಣಲಿಲ್ಲ.

ಕಾಕಾನದು ಬೇರೆ ದಾರಿ. ಮುದ್ರಣ ಕಾಶಿ ಎಂದು ಗದಗಿಗೆ ಹೆಸರು. ಕಾಕಾ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಮನೆಗೆ ಬಂದರೆ ಅವನ ಬೆರಳಲ್ಲಿ ಶಾಯಿ, ಅಂಗಿಯಲ್ಲಿ ಚಿಮಣಿ ಎಣ್ಣೆಯ ವಾಸನೆ, ಕಿಸೆಯಲ್ಲಿ ಹರಿದ ಪ್ರೂಫು. ನಾಟಕದ ಪುಸ್ತಕ, ಪಂಚಾಂಗ, ಮದುವೆಯ ಲಗ್ನಪತ್ರಿಕೆ, ಎಲ್ಲದರ ಹಿಂಬದಿಯೂ ನಮಗೆ ಲೆಕ್ಕ ಬಿಡಿಸುವ ಕಾಗದವಾಗಿತ್ತು. ಒಂದು ಬೇಸಿಗೆ ಅವನೂ ನಮ್ಮ ಜೊತೆ ಲಕ್ಕುಂಡಿಗೆ ಬಂದ. ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನ ಎದುರು ನಿಂತಾಗ ಸೋದರಮಾವ ಆಕೆಯ ಕತೆ ಹೇಳಿದ: ಹರೆಯದಲ್ಲೇ ಗಂಡ ಸತ್ತ ಹೆಣ್ಣುಮಗಳು, ರನ್ನನಿಂದ ಅಜಿತಪುರಾಣ ಬರೆಯಿಸಿದವಳು, ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ನಮಗದು ದೊಡ್ಡ ಸಂಖ್ಯೆಯೆನಿಸಲಿಲ್ಲ. ಕಾಕಾ ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಸಾವಿರ ಪ್ರತಿ ಅಂದರೆ ಅವನ ಕಸುಬಿನಲ್ಲಿ ದಿನನಿತ್ಯದ ಮಾತು, ಒಂದು ಫಾರ್ಮು ಕಟ್ಟಿ ಯಂತ್ರಕ್ಕೆ ಏರಿಸಿದರೆ ಆಯಿತು. ಅದೇ ಸಾವಿರವನ್ನು ಓಲೆಗರಿಯ ಮೇಲೆ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆದು ಬರೆಯಬೇಕಾದರೆ ಎಷ್ಟು ಕೈ, ಎಷ್ಟು ವರ್ಷ, ಎಷ್ಟು ಎಣ್ಣೆದೀಪ! "ಆಕಿ ನಮ್ಮ ಮಂದಿ" ಎಂದ ಕಾಕಾ. ಮರುದಿನದಿಂದ ಪ್ರೆಸ್ಸಿನ ತನ್ನ ಮೊಳೆಯ ಪೆಟ್ಟಿಗೆಯ ಮೇಲೆ ಕುಂಕುಮ ಹಚ್ಚುವಾಗ ಒಂದು ಬೊಟ್ಟು ಆಕೆಯ ಹೆಸರಿನಲ್ಲೂ ಇಡುತ್ತಿದ್ದನೆಂದು ಚಿಗವ್ವ ಹೇಳುತ್ತಿದ್ದಳು.

ಸಂಗೀತ ನಮ್ಮ ಮನೆಗೆ ಬಂದದ್ದು ಅಡಗಿಮನಿಯ ಬಾಗಿಲಿಂದ. ರೇಡಿಯೋ ಇದ್ದದ್ದು ಪಡಸಾಲಿಯ ಗೂಡಿನಲ್ಲಿ, ಅವ್ವ ಹೆಣೆದ ಹೊದಿಕೆ ಹೊದ್ದು. ಆದರೆ ಅದರ ಕಿವಿ ಹಿಂಡುವ ಅಧಿಕಾರ ಆಯಿಯದು. ಧಾರವಾಡ ಆಕಾಶವಾಣಿಯಲ್ಲಿ ಭೀಮಸೇನ ಜೋಶಿಯವರ ದಾಸರಪದ ಬಂದರೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ದನಿ ಏರಿಸುತ್ತಿದ್ದಳು. ಶನಿವಾರ ರಾತ್ರಿಯ ಅಖಿಲ ಭಾರತ ಸಂಗೀತ ಕಾರ್ಯಕ್ರಮದಲ್ಲಿ ಅವರ ಹೆಸರು ಇದ್ದರೆ ಅಂದು ಊಟ ಬೇಗ, ಒಲೆ ಆರಿಸಿ, ನಮ್ಮನ್ನೆಲ್ಲ ಸುತ್ತ ಕೂಡಿಸಿಕೊಂಡು, ಎದುರಿಗೆ ಒಂದು ಮೊರ ಶೇಂಗಾ ಸುರುವಿ, ಒಡೆಯುತ್ತ ಕೇಳುವುದು. ವಿಲಂಬಿತ ನಡೆಯುವಾಗ ನಮ್ಮ ಕೈಯೂ ನಿಧಾನ, ತಾನಗಳು ಏರಿದಂತೆ ಸಿಪ್ಪೆಯ ಸದ್ದೂ ಏರುತ್ತಿತ್ತು, ಕೊನೆಕೊನೆಗೆ ಯಾರೂ ಒಡೆಯುತ್ತಿರಲಿಲ್ಲ.

ಆಯಿಗೆ ಅವರು ಪಂಡಿತರಲ್ಲ, ಊರ ಹುಡುಗ. 1922ರಲ್ಲಿ ಇದೇ ಗದಗ ಸೀಮೆಯಲ್ಲಿ ಹುಟ್ಟಿದವರು. ಭಜನೆಯ ಹಿಂದೆ, ಬ್ಯಾಂಡಿನ ಹಿಂದೆ ಹೋಗಿ ದಾರಿ ತಪ್ಪುತ್ತಿದ್ದ ಮಗನ ಅಂಗಿಯ ಮೇಲೆ ಅವರ ತಂದೆ, ಇವನು ಜೋಶಿ ಮಾಸ್ತರರ ಮಗ ಎಂದು ಬರೆದು ಕಳಿಸುತ್ತಿದ್ದರೆಂಬ ಕತೆಯನ್ನು ಊರವರೆಲ್ಲ ಹೇಳುತ್ತಿದ್ದರು. ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿದ ಆ ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಎಲ್ಲೆಲ್ಲೋ ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನಿಂತ. ಹೋಗುವ ದಿನ ಊಟಕ್ಕೆ ಕೂತಾಗ ಇನ್ನೊಂದಿಷ್ಟು ತುಪ್ಪ ಕೇಳಿದನಂತೆ, ತಾಯಿ ಬಡಿಸಲಿಲ್ಲವಂತೆ, ಅದೇ ಸಿಟ್ಟಿಗೆ ಎದ್ದನಂತೆ. ಗಾಯಕನ ಕತೆಯಲ್ಲಿ ಆಯಿ ಹಿಡಿದುಕೊಂಡದ್ದು ಈ ತುಪ್ಪವನ್ನು. ಆ ರಾತ್ರಿ ಆ ತಾಯಿಗೆ ಅನ್ನ ಹೇಗೆ ಇಳಿದೀತು ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಹಂಗಾಗಿ ನಮ್ಮ ಮನೆಯಲ್ಲಿ, ಎಷ್ಟೇ ಅಡಚಣಿ ಇದ್ದರೂ, ತುಪ್ಪ ಕೇಳಿದ ಮಗುವಿಗೆ ಇಲ್ಲವೆಂದದ್ದಿಲ್ಲ. ಮಿಳ್ಳಿಯ ತಳ ಕೆರೆದಾದರೂ ಎರಡು ಹನಿ ಬೀಳುತ್ತಿತ್ತು.

ಊರಲ್ಲಿ ಇನ್ನೊಂದು ಸಂಗೀತದ ಮನೆ ಇತ್ತು, ಈಗಲೂ ಇದೆ, ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸ್ವರ ಕಲಿಸಿದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯ, ತಾವೂ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅದನ್ನು ನಡೆಸಿದರು. ಸುಗ್ಗಿ ಆದಮೇಲೆ ಸೋದರಮಾವ ಕಳಿಸಿದ ಜೋಳದಲ್ಲಿ ಒಂದು ಪಾಲು ಅಲ್ಲಿಗೆ. ಚೀಲ ಮುಟ್ಟಿಸುವ ಕೆಲಸ ನಮ್ಮದು. ಒಂದು ಮೂಲೆಯಲ್ಲಿ ತಬಲಾ, ಒಂದು ಮೂಲೆಯಲ್ಲಿ ಪಿಟೀಲು, ಕಂಬಕ್ಕೊಬ್ಬ ಹುಡುಗ ಹಾರ್ಮೋನಿಯಂ ಹಿಡಿದು ತನ್ನ ಪಾಠ ತಾನು ತಿದ್ದಿಕೊಳ್ಳುತ್ತಿದ್ದ, ಒಬ್ಬನ ಸ್ವರಕ್ಕೆ ಇನ್ನೊಬ್ಬ ತಪ್ಪುತ್ತಿರಲಿಲ್ಲ. ಮುಂದೆ 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಮೇಲೆ ಸಿನಿಮಾ ಬಂದು, ಅದರ ಸಂಗೀತಕ್ಕೆ ಹಂಸಲೇಖರಿಗೆ, ಹಾಡಿಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಾಗ ಓಣಿಯಲ್ಲಿ ಪೇಢೆ ಹಂಚಿದರು. ಅಷ್ಟೊತ್ತಿಗೆ ಆಯಿ ಇರಲಿಲ್ಲ.

ಸಿನಿಮಾ ಅಂದರೆ ಅತ್ತಿ. ಹರೆಯದಲ್ಲೇ ತವರಿಗೆ ಮರಳಿದ ಅತ್ತಿಗೆ ಅ.ನ.ಕೃ. ಅವರ ಕಾದಂಬರಿಗಳೇ ಜೊತೆ. ಕಂಡಿಕಿ ಸುತ್ತುತ್ತ ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡಿರುತ್ತಿದ್ದಳು, ಹಾಳೆ ತಿರುವುವುದು ನಮ್ಮ ಪಾಲಿಗೆ. ಅ.ನ.ಕೃ. ಅವರ ಸಂಧ್ಯಾರಾಗ 1966ರಲ್ಲಿ ಸಿನಿಮಾ ಆಗಿತ್ತು, ರಾಜಕುಮಾರ್ ಸಂಗೀತಗಾರನಾಗಿ. ಕೆಲವು ವರ್ಷಗಳ ಮೇಲೆ ಅದು ಟೂರಿಂಗ್ ಟಾಕೀಸಿನ ಡೇರೆಗೆ ಮತ್ತೆ ಬಂದಾಗ ಅತ್ತಿ ನಮ್ಮನ್ನೆಲ್ಲ ಕಟ್ಟಿಕೊಂಡು ಹೋದಳು. ಮರಳಿನ ಮೇಲೆ ಚಾಪೆ ಹಾಸಿ, ಕಾಗದದ ಪೊಟ್ಟಣದಲ್ಲಿ ಮಿರ್ಚಿ ಬಜಿ ಕಟ್ಟಿಸಿಕೊಂಡು ಕೂತಿದ್ದೆವು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಹಾಡು ಶುರುವಾದಾಗ ಸುತ್ತಲಿನವರೆಲ್ಲ ಒಮ್ಮೆಲೇ ಮೈ ನೆಟ್ಟಗೆ ಮಾಡಿದರು. ಅದು ಭೀಮಸೇನರ ದನಿ, ನಮ್ಮ ಗೂಡಿನ ರೇಡಿಯೋದಲ್ಲಿ ಶನಿವಾರ ಕೇಳುತ್ತಿದ್ದ ಅದೇ ದನಿ. ಅತ್ತಿ ಓದಿದ ಪುಸ್ತಕ, ಆಯಿಯ ಊರ ಹುಡುಗ, ನಮ್ಮೆಲ್ಲರ ರಾಜಕುಮಾರ್ ಒಂದೇ ಪರದೆಯ ಮೇಲೆ ಕೂಡಿದ್ದರು. ಬರುವಾಗ ಬೆಳದಿಂಗಳಲ್ಲಿ ಅತ್ತಿ ಮೆಲ್ಲಗೆ ಹಾಡಿಕೊಂಡು ಮುಂದೆ ನಡೆದಳು. ಮನೆಯಲ್ಲಿ ಅತ್ತಿ ಹಾಡಿದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ತಾನೇ ಜಿಲ್ಲೆಯಾಯಿತು. ಓಣಿಯಲ್ಲಿ ಕೈಮಗ್ಗಗಳು ಒಂದೊಂದಾಗಿ ನಿಂತವು. ನಮ್ಮದನ್ನು ಅಜ್ಜ ಹೋದ ಎರಡನೆಯ ವರ್ಷ ಬಿಚ್ಚಿದರು, ಕುಣಿಗೆ ಕಲ್ಲು ಮಣ್ಣು ತುಂಬಿ ಮೇಲೆ ಶಹಾಬಾದಿ ಪರಸಿ ಹಾಕಿದರು, ಆ ಒಂದು ಪರಸಿ ಮಾತ್ರ ಇಂದಿಗೂ ಕಾಲಿಟ್ಟರೆ ಟೊಳ್ಳು ಸದ್ದು ಕೊಡುತ್ತದೆ. ಕಾಕಾನ ಪ್ರೆಸ್ಸಿಗೆ ಆಫ್‌ಸೆಟ್ ಬಂತು, ಮೊಳೆಗಳನ್ನು ತೂಕಕ್ಕೆ ಹಾಕಿದರು. ಲಕ್ಕುಂಡಿಯ ಗುಡಿಗಳ ಸುತ್ತ ಈಗ ಬೇಲಿ ಇದೆ, ಹಸಿರು ಹುಲ್ಲಿದೆ, ಮೂರ್ತಿಗಳಿಗೊಂದು ಸಂಗ್ರಹಾಲಯವಿದೆ. ಒಳ್ಳೆಯದೇ ಆಯಿತು, ಕಲ್ಲು ಉಳಿಯುತ್ತದೆ. ಬಾಗಿಲವಾಡದ ಮುಂದೆ ಸೂಜಿ ಹಿಡಿದು ಕೂಡುವವರು ಯಾರೂ ಕಾಣಲಿಲ್ಲ. ಅವ್ವನ ಕಣ್ಣು ಮಂಜಾದ ಮೇಲೂ ಬೆರಳು ಎಳೆ ಎಣಿಸುತ್ತಿದ್ದವು, ಹೊದ್ದ ಚಾದರದ ಅಂಚಿನ ಮೇಲೆ, ಕಡೆಯ ದಿನದ ತನಕ.

ಕೆಂಪು ವಸ್ತ್ರದ ಭಾರತ ಈಗ ನನ್ನ ತಂಗಿಯ ಮನೆಯಲ್ಲಿದೆ. ವಿರಾಟಪರ್ವದ ಹಾಳೆಗಳು ಉಳಿದವಕ್ಕಿಂತ ಮಾಸಿವೆ, ಅಂಚಿನಲ್ಲಿ ಅಜ್ಜನ ಬೆರಳಿನ ಗಂಜಿಯ ಗುರುತು ಇನ್ನೂ ಇದೆ. ಇಂಥದೊಂದು ಪುಸ್ತಕ ನಮ್ಮ ಕಡೆಯ ಬಹಳ ಮನೆಗಳ ಟ್ರಂಕಿನಲ್ಲಿ, ಅಟ್ಟದಲ್ಲಿ ಇದ್ದೇ ಇರುತ್ತದೆ. ನಿಮ್ಮಲ್ಲಿದ್ದರೆ ದಯವಿಟ್ಟು ತೆಗೆಯಿರಿ, ಹುಳ ಹಿಡಿಯುವ ಮೊದಲು. ಮಕ್ಕಳನ್ನು ಹತ್ತಿರ ಕರೆದು, ಅರ್ಥ ಆಮೇಲೆ ನೋಡಿದರಾಯಿತು, ನಾಲ್ಕು ಪದ್ಯವನ್ನಾದರೂ ಗಟ್ಟಿಯಾಗಿ ಓದಿರಿ.